ಕೆಂಪು ಎಳೆಯಿಲ್ಲದ ಮಾಲು

9 ಮಾರ್ಚ್

ಮೈದುನನ ಹೆಂಡತಿಗೆ,

ಕಾಗದದ ತಲೆಯಲ್ಲಿ ಕ್ಷೇಮ ಎಂದು ಬರೆಯುವುದು ಪದ್ಧತಿ. ನಾನು ಬರೆಯುವುದಿಲ್ಲ. ನಿಮ್ಮ ಕ್ಷೇಮ ಕೇಳುವುದೂ ಇಲ್ಲ. ಕೆಲಸದ ಮಾತಿದೆ, ಅಷ್ಟಕ್ಕೆ ಬರೆಯುತ್ತಿದ್ದೇನೆ. ಫೋನಿನಲ್ಲಾದರೆ ನೀನು ಅಳುತ್ತೀಯ, ನಾನು ಬೈಯುತ್ತೇನೆ, ಕೆಲಸ ಅಲ್ಲೇ ನಿಲ್ಲುತ್ತದೆ.

ನಿನ್ನೆ ಬೇಕರಿಯವನು ಕಾರ್ಖಾನೆಗೆ ಬಂದಿದ್ದ. ಬ್ರಷ್ ಕೊಳ್ಳಲು ಅಲ್ಲ. ತನ್ನ ಫೋನನ್ನು ನನ್ನ ಮುಖದೆದುರು ಹಿಡಿದು, "ಏನಮ್ಮಾ, ಬಾಟಲಿ ಉಜ್ಜೋದು ಬಿಟ್ಟು ಬೊಜ್ಜು ಕರಗಿಸೋಕೆ ಹೊರಟ್ರಾ?" ಎಂದು ನಕ್ಕ. ಅದರಲ್ಲಿ ಹೊಟ್ಟೆ ಕರಗಿಸುವ ಗುಳಿಗೆಯ ಜಾಹೀರಾತು. ಕಳಿಸಿದವರು ಎಂಬಲ್ಲಿ ನಮ್ಮ ಕಾರ್ಖಾನೆಯ ಹೆಸರು, ನಮ್ಮದೇ ಮೇಲ್ ವಿಳಾಸ. ಒಂದಕ್ಷರ ಆಚೀಚೆ ಇಲ್ಲ. ಗುಳಿಗೆಯ ಕೆಳಗೆ ಒಬ್ಬಳ ಫೋಟೋ ಇತ್ತು. ಅದರ ವರ್ಣನೆ ನನ್ನ ಕೈಯಲ್ಲಿ ಬರೆಯಿಸಬೇಡ.

ಗುಮಾಸ್ತನನ್ನು ಕೇಳಿದೆ. ಅವನಿಗೆ ಕೆಲಸದವರೆಲ್ಲ 'ಆಯ್ತಮ್ಮ' ಎಂದೇ ಹೆಸರಿಟ್ಟಿರುವುದು ನಿನಗೆ ಗೊತ್ತು. ಆಕಾಶ ಬಿದ್ದಿದೆ ಎಂದರೂ "ಆಯ್ತಮ್ಮ" ಎನ್ನುತ್ತಾನೆ. ನಮ್ಮ ಯಂತ್ರದಿಂದ ಇದು ಹೋಗಿಲ್ಲ ಎಂದ. ಹಾಗಾದರೆ ಎಲ್ಲಿಂದ ಹೋಯಿತು? ಈ ಮನೆಯಲ್ಲಿ ಈ ಮೇಲ್ ವಿದ್ಯೆ ಬಲ್ಲವಳು ನೀನೊಬ್ಬಳೇ. ಅದರ ಬೀಗದ ಕೈ ವರ್ಷಗಟ್ಟಲೆ ನಿನ್ನ ಸೊಂಟದಲ್ಲಿತ್ತು.

ಯಜಮಾನರು ಹೋದಾಗ ನೀವಿಬ್ಬರೂ ತಿರುಗಿ ನೋಡಲಿಲ್ಲ. ಅದು ನಿಮ್ಮ ಸಂಸ್ಕಾರ. ಅವರ ಹೆಸರನ್ನಾದರೂ ಬಿಟ್ಟುಬಿಡಿ.

ಕಾರ್ಖಾನೆಯಿಂದ,
ನಾನು


17 ಮಾರ್ಚ್

ಅಕ್ಕ,

ನಿಮ್ಮ ಕಾಗದ ಬಂತು. ನಿಂತೇ ಓದಿದೆ. ಕೊನೆಯಲ್ಲಿ ಭಾವ ಹೋದರು ಎಂದಿತ್ತು. ಕಾಗದ ಮಡಚಿಟ್ಟು ಬಟ್ಟೆ ಒಣಹಾಕಿ ಬಂದೆ. ಮತ್ತೆ ತೆಗೆದು ಓದಿದೆ. ಅದೇ ಇತ್ತು.

ನಮಗೆ ಯಾರೂ ಹೇಳಲಿಲ್ಲ ಅಕ್ಕ. ಯಾವಾಗ ಹೋದರು? ಹೇಗೆ? ನಿಮ್ಮನ್ನು ಇನ್ನೇನು ಕೇಳಬೇಕೋ ತಿಳಿಯುತ್ತಿಲ್ಲ.

ಆ ಜಾಹೀರಾತು ನಾನು ಕಳಿಸಿದ್ದಲ್ಲ. ಅದಕ್ಕೆ ಬೀಗದ ಕೈ ಬೇಕಾಗಿಯೇ ಇಲ್ಲ. ಲಕೋಟೆಯ ಹಿಂದೆ ಯಾರು ಬೇಕಾದರೂ ಯಾರ ಹೆಸರನ್ನಾದರೂ ಬರೆದು ಅಂಚೆಗೆ ಹಾಕಬಹುದಲ್ಲ, ಹಾಗೆ. ಅದನ್ನು ತಡೆಯಲೆಂದೇ ನಾನು ಕಾರ್ಖಾನೆಯ ಹೆಸರಿಗೆ ಮೂರು ಸಾಲು ಬರೆದಿಟ್ಟಿದ್ದೆ. ಕಳೆದ ಜುಲೈ ಎರಡನೆಯ ವಾರದಲ್ಲಿ ಆ ಸಾಲುಗಳನ್ನು ತೆಗೆದಿದ್ದಾರೆ. ಯಾರು ತೆಗೆದರು ಎಂದು ನಾನು ಕೇಳುವುದಿಲ್ಲ.

ನಿಮ್ಮ
ತಂಗಿ


26 ಮಾರ್ಚ್

ಮೈದುನನ ಹೆಂಡತಿಗೆ,

ಕೇಳುವುದಿಲ್ಲ ಎಂದು ಬರೆಯುವುದೂ ಕೇಳಿದ ಹಾಗೆಯೇ. ತೆಗೆಸಿದವಳು ನಾನು. ಮುಚ್ಚುಮರೆ ಏನಿಲ್ಲ.

ನೀವು ಹೋದ ಮೇಲೆ ನಿನ್ನ ಕುರ್ಚಿಯನ್ನು ಅಟ್ಟಕ್ಕೆ ಹಾಕಿಸಿದೆ. ಬೋರ್ಡಿನಲ್ಲಿದ್ದ ನಿನ್ನ ಗಂಡನ ಹೆಸರಿಗೆ ಬಣ್ಣ ಬಳಿಸಿದೆ. ಇನ್ನೇನಾದರೂ ಉಳಿದಿದೆಯಾ ಎಂದು ಆಯ್ತಮ್ಮನನ್ನು ಕೇಳಿದೆ. ಅವನು ಕಂಪ್ಯೂಟರಿನಲ್ಲಿ ಒಂದು ಪುಟ ತೆರೆದು, "ಇಲ್ಲಿ ಚಿಕ್ಕಮ್ಮನ ವಿಳಾಸ ಇದೆ ನೋಡಿ, ದಿನಾ ಅವ್ರಿಗೆ ಏನೋ ಹೋಗ್ತಿದೆ" ಎಂದ. ನನ್ನ ಮನೆಯ ಸುದ್ದಿ ದಿನಾ ನಿನ್ನ ಮನೆಗೆ ಹೋಗುತ್ತಿದೆ! "ಅವ್ಳು ಹಾಕಿದ್ದೆಲ್ಲ ಕಿತ್ತು ಹಾಕು" ಎಂದೆ. "ಆಯ್ತಮ್ಮ" ಎಂದ. ಕಿತ್ತ. ನನ್ನ ಬಾಗಿಲ ಮೇಲೆ ನಿನ್ನ ಹೆಸರು ಯಾಕಿರಬೇಕಿತ್ತು?

ಜಗಳ ಯಾಕಾಯಿತು ಎಂಬುದನ್ನು ನೀನು ಮರೆತಿದ್ದರೆ ನಾನು ಮರೆತಿಲ್ಲ. ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಪ್ರತಿ ಬ್ರಷ್ಷಿನ ಬಿಳಿ ಕೂದಲ ನಡುವೆ ಒಂದು ಕೆಂಪು ಎಳೆ ನಾನೇ ಸೇರಿಸುತ್ತಿದ್ದೇನೆ. ಆ ಎಳೆ ಇದ್ದರೆ ನಮ್ಮ ಮಾಲು, ಇಲ್ಲದಿದ್ದರೆ ಕಳ್ಳಮಾಲು. ಇದು ಮಾವನವರು ಇದ್ದಾಗಿನ ಕಟ್ಟಳೆ. ನಿನ್ನ ಗಂಡ ಅವಸರಕ್ಕೆ ಎಳೆಯಿಲ್ಲದೆ ಒಂದು ಲೋಡು ಕಳಿಸಿದ. ನಾನು ಅದನ್ನು ದಾರಿಯಿಂದಲೇ ವಾಪಸ್ ತರಿಸಿದೆ. ಕೆಲಸದವರ ಮುಂದೆ ಅವನೇ ಇಳಿಸುವಂತೆ ಮಾಡಿದೆ. "ಇದೂ ನಮ್ಮ ಕೈಯಲ್ಲೇ ಮಾಡಿದ್ದಲ್ವಾ ಅತ್ತಿಗೆ?" ಎಂದು ಕೇಳಿದ. "ನೋಡಿದವ್ರಿಗೆ ಅದು ಹೇಗೆ ಗೊತ್ತಾಗ್ಬೇಕು?" ಎಂದೆ. ಅಷ್ಟಕ್ಕೇ ಗಂಟುಮೂಟೆ ಕಟ್ಟಿದ.

ಯಜಮಾನರು ಸೆಪ್ಟೆಂಬರಿನಲ್ಲಿ ಹೋದರು. ತಂತಿ ಹುರಿ ಹಾಕುವ ಯಂತ್ರದ ಮುಂದೆ ಕೂತಿದ್ದರು. ಯಂತ್ರ ತಿರುಗುತ್ತಲೇ ಇತ್ತು, ಅದಕ್ಕೇ ಯಾರಿಗೂ ತಿಳಿಯಲಿಲ್ಲ. ನಮಗೆ ಯಾರೂ ಹೇಳಲಿಲ್ಲ ಎನ್ನುತ್ತೀಯಲ್ಲ, ಅದೇ ದಿನ ಆಯ್ತಮ್ಮನಿಂದ ನಿಧನದ ಸುದ್ದಿ ಬರೆಸಿ ಗಿರಾಕಿಗಳಿಗೆ, ಬಂಧುಗಳಿಗೆ, ನಿನ್ನ ಗಂಡನಿಗೆ, ಎಲ್ಲರಿಗೂ ಒಂದೇ ಸಲ ಮೇಲ್ ಮಾಡಿಸಿದೆ. ಫೋನ್ ಮಾಡಿ "ಬನ್ನಿ" ಎಂದು ಬೇಡಿಕೊಳ್ಳುವುದು ನನ್ನಿಂದಾಗದು. ಸಾವಿಗೆ ಕರೆಯೋಲೆ ಇಲ್ಲ. ಬೀದಿಯವರು ಬಂದರು. ಉಳಿದವರು ಯಾರೂ ಬರಲಿಲ್ಲ. ಒಂದು ಸಾಲೂ ಬರೆಯಲಿಲ್ಲ. ಎಲ್ಲರೂ ನಿಮ್ಮ ಪಕ್ಷ ಎಂದು ನನಗೆ ಅವತ್ತೇ ಗೊತ್ತಾಯಿತು.

ಇನ್ನೊಂದು. ಅಣ್ಣ ಸತ್ತದ್ದಕ್ಕೆ ತಮ್ಮ ಯಾಕೆ ಬರೆಯುವುದಿಲ್ಲ? ಹೆಂಡತಿಯನ್ನು ಮುಂದೆ ಬಿಟ್ಟು ಸೆರಗಿನ ಹಿಂದೆ ಕೂತಿದ್ದಾನಾ?

ನಾನು


4 ಏಪ್ರಿಲ್

ಅಕ್ಕ,

ಯಾರೂ ನಮ್ಮ ಪಕ್ಷ ಅಲ್ಲ. ಯಾರಿಗೂ ಸುದ್ದಿ ಮುಟ್ಟಿಲ್ಲ.

ನಿಮಗೆ ತಿಳಿಯುವ ಹಾಗೆ ಬರೆಯಲು ಪ್ರಯತ್ನಿಸುತ್ತೇನೆ. ನಮ್ಮ ಹೆಸರಿನಲ್ಲಿ ಒಂದು ಮೇಲ್ ಹೋದರೆ, ಅದನ್ನು ಪಡೆಯುವ ಕಡೆಯ ಯಂತ್ರ ಬಾಗಿಲಲ್ಲೇ ನಿಲ್ಲಿಸುತ್ತದೆ. ನಮ್ಮ ಹೆಸರಿನ ಪುಟಕ್ಕೆ ಬಂದು ಮೂರು ಮಾತು ಕೇಳುತ್ತದೆ. ನಿಮ್ಮ ಪರವಾಗಿ ಮೇಲ್ ಹೊರುವ ಅಪ್ಪಣೆ ಯಾವ ಯಾವ ಯಂತ್ರಕ್ಕಿದೆ? ಅದು ಮೊದಲನೆಯ ಸಾಲು. ಈ ಮೇಲ್‌ನ ಒಳಗಿರುವ ಮುದ್ರೆ ನಿಮ್ಮದೇ ಎಂದು ಹೇಗೆ ಪರೀಕ್ಷಿಸಲಿ? ಅದು ಎರಡನೆಯದು. ಎರಡೂ ತಾಳೆಯಾಗದ ಮೇಲ್ ನಿಮ್ಮ ಹೆಸರಿನಲ್ಲಿ ಬಂದರೆ ಅದನ್ನು ಏನು ಮಾಡಲಿ, ಯಾರಿಗೆ ವರದಿ ಕೊಡಲಿ? ಅದು ಮೂರನೆಯದು. ವರದಿಗೆ ಯಾರದಾದರೂ ವಿಳಾಸ ಬೇಕಿತ್ತು. ನಾನಿದ್ದೆ, ನನ್ನದು ಕೊಟ್ಟಿದ್ದೆ. ಅದರಲ್ಲಿ ಮೇಲ್‌ಗಳ ಒಳಗಿನ ಸುದ್ದಿ ಇರುವುದಿಲ್ಲ ಅಕ್ಕ. ಎಷ್ಟು ಹೋಯಿತು, ಎಷ್ಟು ದಾಟಿತು, ಅಷ್ಟೇ.

ಜುಲೈಯಿಂದ ನಮ್ಮ ಮೇಲ್‌ಗಳೆಲ್ಲ ಕೆಂಪು ಎಳೆಯಿಲ್ಲದೆ ಹೋಗುತ್ತಿವೆ. ಪಡೆಯುವ ಯಂತ್ರಕ್ಕೆ ನಮ್ಮದು ಯಾವುದು, ಗುಳಿಗೆ ಮಾರುವವನದು ಯಾವುದು ಎಂದು ತಿಳಿಯುವುದಿಲ್ಲ. ಅವನು ಸಾವಿರಗಟ್ಟಲೆ ಕಳಿಸಿದ್ದರಿಂದ ಕೆಟ್ಟ ಹೆಸರು ನಮಗೆ ಬಂತು. ಈಗ ಎರಡನ್ನೂ ಕಸಕ್ಕೆ ಹಾಕುತ್ತಿದೆ.

ನಮ್ಮನೆಯವರ ಸ್ಪ್ಯಾಮ್ ನೋಡಿದೆ. ಅದು ಕಸದ ಡಬ್ಬಿಯ ಹಾಗೆ, ತಿಂಗಳಿಗೊಮ್ಮೆ ತಾನೇ ಖಾಲಿಯಾಗುತ್ತದೆ. ಸೆಪ್ಟೆಂಬರಿನದು ಏನೂ ಉಳಿದಿಲ್ಲ. ನಿಮ್ಮ ಮೇಲ್ ಅಲ್ಲಿ ಬಂದು ಕೂತಿರಬೇಕು. ಕಾದು ಹೋಗಿರಬೇಕು.

ನಮ್ಮನೆಯವರು ಚೆನ್ನಾಗಿದ್ದಾರೆ. ಕೆಲಸ ಜಾಸ್ತಿ. ಆಮೇಲೆ ಬರೆಯುತ್ತಾರೆ.

ತಂಗಿ


21 ಏಪ್ರಿಲ್

ಓರಗಿತ್ತಿಗೆ,

ನಿನ್ನ ಕಾಗದಕ್ಕೆ ಉತ್ತರ ಬರೆಯುವ ಮನಸ್ಸಿರಲಿಲ್ಲ. ಕೆಂಪು ಎಳೆ ಎಂಬ ಮಾತನ್ನು ನೀನು ಬೇಕೆಂದೇ ಹಾಕಿದ್ದೀಯ ಎಂದುಕೊಂಡೆ. ಈಗಲೂ ಹಾಗೆಯೇ ಅಂದುಕೊಂಡಿದ್ದೇನೆ. ಇರಲಿ.

ಡೈರಿಯಿಂದ ವರ್ಷದ ಆರ್ಡರ್ ಬರಲಿಲ್ಲ. ಅವರ ಬಾಟಲಿ ತೊಳೆಯುವ ಬ್ರಷ್ಷುಗಳೇ ನಮ್ಮ ಅರ್ಧ ಕೆಲಸ ಎಂಬುದು ನಿನಗೆ ಗೊತ್ತು. ನಮ್ಮ ದರಪಟ್ಟಿ ಫೆಬ್ರವರಿಯಲ್ಲೇ ಮೇಲಿನಲ್ಲಿ ಹೋಗಿತ್ತು. ಅವರೂ ಸುಮ್ಮನೆ, ನಾವೂ ಸುಮ್ಮನೆ. ಕೊನೆಗೆ ನಾನೇ ಹೋದೆ. ಈ ಜನ್ಮದಲ್ಲಿ ಒಬ್ಬ ಗಿರಾಕಿಯ ಮೆಟ್ಟಿಲು ಹತ್ತಿದವಳಲ್ಲ. ಓಣಿಯಂಥ ಜಾಗದಲ್ಲಿ ಒಂದು ಬೆಂಚು. ಔಷಧಿ ಹಾಕಿ ನೆಲ ಒರೆಸುತ್ತಿದ್ದರು, ಕಾಲು ಎತ್ತಿಕೊಂಡು ಕೂತೆ.

ಖರೀದಿ ನೋಡುವವಳು ಚಿಕ್ಕ ವಯಸ್ಸಿನವಳು, ಮರ್ಯಾದಸ್ಥೆ. ಚೀಲದಿಂದ ಬ್ರಷ್ ತೆಗೆದು ಕೆಂಪು ಎಳೆ ತೋರಿಸಿದೆ. "ಬ್ರಷ್ ನಂಬ್ತೀನಮ್ಮಾ, ಅದರ ಮೇಲೆ ಎರಡು ಮಾತಿಲ್ಲ. ಮೇಲ್ ನಂಬೋದು ಹೇಗೆ? ನಿಮ್ಮ ಹೆಸರಲ್ಲಿ ನಮ್ಮ ಅರ್ಧ ಆಫೀಸಿಗೆ ಗುಳಿಗೆ ಬಂದಿದೆ. ನಮ್ಮ ಯಂತ್ರ ನಿಮ್ಮನ್ನ ಒಳಗೇ ಬಿಡ್ತಿಲ್ಲ" ಎಂದಳು. ದರಪಟ್ಟಿ ಕೈಯಲ್ಲೇ ಕೊಡುತ್ತೇನೆ ಎಂದೆ. "ಕೈಯಲ್ಲಿ ತಗೊಂಡ್ರೆ ನಾಳೆ ನನ್ನ ಕೆಲ್ಸ ಹೋಗುತ್ತೆ. ಮೇಲಲ್ಲೇ ಬರ್ಬೇಕು, ನಿಯಮ. ಮೇ ಕೊನೆ ದಿನದವರೆಗೂ ಬೇರೆಯವ್ರಿಗೆ ಕೊಡಲ್ಲ. ಅಷ್ಟರಲ್ಲಿ ನಿಮ್ದು ನನ್ನ ಇನ್‌ಬಾಕ್ಸಿಗೆ ಬಂದ್ಬಿಡ್ಲಿ."

ಡೈರಿ ಹೋದರೆ ಕಾರ್ಖಾನೆ ಮುಚ್ಚಬೇಕು. ಈಗ ನಾಲ್ಕೇ ಜನ ಉಳಿದಿದ್ದಾರೆ. ಯಜಮಾನರ ಯಂತ್ರದ ಮುಂದೆ ಯಾರನ್ನೂ ಕೂರಿಸಿಲ್ಲ.

ಆ ಮೂರು ಸಾಲು ಬರೆದು ಕಳಿಸು. ಇದು ಕೆಲಸದ ಮಾತು, ಬೇರೆ ಏನೂ ಅಲ್ಲ.

ನಾನು


28 ಏಪ್ರಿಲ್

ಅಕ್ಕ,

ಕಾಗದದಲ್ಲಿ ಬರೆದರೆ ಆಗದು. ಎರಡನೆಯ ಸಾಲಿನಲ್ಲಿ ಕೀಲಿಯ ಅಕ್ಷರಗಳು ನೂರಾರಿವೆ, ಒಂದು ತಪ್ಪಿದರೂ ಮುದ್ರೆ ತಾಳೆಯಾಗದು. ಅದು ನಮ್ಮ ಮೇಲ್ ಸೇವೆಯ ಪುಟದಲ್ಲಿ ಹಾಗೇ ಇದೆ. ಆಯ್ತಮ್ಮನವರು ಅಲ್ಲಿಂದ ನಕಲು ಮಾಡಿ ನಮ್ಮ ಹೆಸರಿನ ಪುಟದಲ್ಲಿ ಅಂಟಿಸಲಿ, ಕೈಯಲ್ಲಿ ಟೈಪ್ ಮಾಡುವುದು ಬೇಡ. ಮೊದಲನೆಯ ಮತ್ತು ಮೂರನೆಯ ಸಾಲನ್ನು ಬೇರೆ ಹಾಳೆಯಲ್ಲಿ ಬರೆದಿದ್ದೇನೆ.

ಮೂರನೆಯ ಸಾಲಿನಲ್ಲಿ ಎಚ್ಚರ. ತಾಳೆಯಾಗದ ಮೇಲನ್ನು ಏನು ಮಾಡಬೇಕೆಂದು ಮೂರು ರೀತಿ ಹೇಳಬಹುದು. ಸುಮ್ಮನೆ ನೋಡಿ ವರದಿ ಕೊಡು. ಪಕ್ಕಕ್ಕೆ ಎತ್ತಿಡು. ಬಾಗಿಲಿಂದಲೇ ತಿರುಗಿಸು. ಮೊದಲು 'ಸುಮ್ಮನೆ ನೋಡು' ಎಂದೇ ಹಾಕಿ. ನಮ್ಮದೇ ಯಾವುದಾದರೂ ಯಂತ್ರವನ್ನು ನಾವು ಮರೆತಿದ್ದರೆ ವರದಿಯಲ್ಲಿ ಕಾಣುತ್ತದೆ. ಅದನ್ನು ಸರಿಮಾಡಿ, ಎಲ್ಲವೂ ದಾಟುವುದು ಕಂಡ ಮೇಲೆ ಬಿಗಿ ಮಾಡೋಣ. ಒಂದೇ ಏಟಿಗೆ ಬಿಗಿ ಮಾಡಬೇಡಿ. ಕೆಟ್ಟ ಹೆಸರು ತೊಳೆಯುವುದಕ್ಕೂ ಸ್ವಲ್ಪ ಕಾಲ ಬೇಕು. ಮೊದಲು ನಮ್ಮನ್ನು ಬಲ್ಲವರಿಗೆ, ತೆರೆದು ಓದುವವರಿಗೆ, ಒಂದೊಂದಾಗಿ ಕಳಿಸಿ.

ವರದಿಗೆ ಯಾರ ವಿಳಾಸ ಹಾಕಬೇಕೆಂಬ ಜಾಗವನ್ನು ಖಾಲಿ ಬಿಟ್ಟಿದ್ದೇನೆ. ಅದು ನಿಮ್ಮ ಇಷ್ಟ. ಯಾರಾದರೂ ಓದುವವರು ಇರಬೇಕು, ಅಷ್ಟೇ.

ತಂಗಿ


13 ಮೇ

ಓರಗಿತ್ತಿಗೆ,

ನೀನು ಹೇಳಿದ ಸಾಲುಗಳನ್ನು ಹಾಕಿಸಿದೆ. ಡೈರಿಗೆ ದರಪಟ್ಟಿ ಹೋಯಿತು. ತಲುಪಲಿಲ್ಲ. ಈ ಸಲ ಕಸಕ್ಕೂ ಬೀಳಲಿಲ್ಲ. ಬಾಗಿಲಿಂದಲೇ ತಿರುಗಿಸಿದ್ದಾರೆ ಎಂದು ಖರೀದಿಯವಳು ಫೋನ್ ಮಾಡಿ ಹೇಳಿದಳು. "ನಿಮ್ಮ ಹೆಸರೇ ಹೇಳ್ತಿದೆಯಂತೆ ಅಮ್ಮಾ, ಇದು ನಮ್ದಲ್ಲ, ಎಸೀರಿ ಅಂತ!" ಎಂದಳು. ನಗುವುದೋ ಪಾಪ ಎನ್ನುವುದೋ ಅವಳಿಗೂ ತಿಳಿಯಲಿಲ್ಲ.

ಹೌದು, ಮೂರನೆಯ ಸಾಲಿನಲ್ಲಿ 'ತಿರುಗಿಸು' ಎಂದೇ ಹಾಕಿಸಿದೆ. ಆಯ್ತಮ್ಮ ಜೀವನದಲ್ಲಿ ಮೊದಲ ಸಲ ಆಯ್ತಮ್ಮ ಎನ್ನಲಿಲ್ಲ. "ಚಿಕ್ಕಮ್ಮ ನಿಧಾನ ಅಂದಿದ್ದಾರಲ್ಲಮ್ಮ" ಎಂದ. "ಕಳ್ಳನ್ನ ಬಾಗಿಲಲ್ಲಿ ನಿಲ್ಸಿ ಸುಮ್ಮನೆ ನೋಡೋದು ಯಾವ ಊರಿನ ನ್ಯಾಯ?" ಎಂದೆ. ನಾನು ಹಾಗೆಯೇ. ಎಳೆ ಇಲ್ಲದ್ದು ವಾಪಸ್. ಈಗ ನನ್ನ ಮಾಲೇ ವಾಪಸ್ ಬಂದಿದೆ.

ವರದಿಗೆ ಆಯ್ತಮ್ಮನ ವಿಳಾಸ ಕೊಟ್ಟಿದ್ದೆ. ದಿನಾ ಏನೋ ಗಂಟು ಬರುತ್ತದಂತೆ. ಬಿಚ್ಚುವುದು ಹೇಗೆಂದು ಗೊತ್ತಾಗದೆ ಎಲ್ಲವನ್ನೂ ಜೋಪಾನವಾಗಿ ಇಟ್ಟಿದ್ದಾನೆ.

ಎರಡನೆಯ ಸಾಲಿನ ತಲೆಯ ಮೇಲೆ ಒಂದು ಹೆಸರಿದೆ. ಇಂಗ್ಲಿಷ್ ಅಕ್ಷರಗಳನ್ನು ಕೂಡಿಸಿ ಓದಿದೆ. 'ಕೆಂಪು' ಎಂದಿದೆ. ಯಾರಿಟ್ಟ ಹೆಸರು?

ನಿನ್ನ ಗಂಡ ಇನ್ನೂ ಬರೆದಿಲ್ಲ. ನಾನು ಕಾಯುತ್ತಿದ್ದೇನೆ ಎಂದು ತಿಳಿಯಬೇಡ. ಲೆಕ್ಕಕ್ಕೆ ಹೇಳಿದೆ.

ನಾನು


19 ಮೇ

ಅಕ್ಕ,

ಹೆಸರು ನಾನೇ ಇಟ್ಟದ್ದು. ಅಲ್ಲಿ ಏನು ಬೇಕಾದರೂ ಇಡಬಹುದು. ಅವತ್ತು ನೀವು ಕಿಟಕಿಯ ಹತ್ತಿರ ಕೂತು ಎಳೆ ಸೇರಿಸುತ್ತಿದ್ದಿರಿ.

ದರಪಟ್ಟಿ ಯಾಕೆ ತಿರುಗಿ ಬಂತೆಂದರೆ, ಅದನ್ನು ಆಯ್ತಮ್ಮನವರು ಲೆಕ್ಕದ ತಂತ್ರಾಂಶದಿಂದ ಕಳಿಸುತ್ತಾರೆ. ಅದು ಆ ಕಂಪನಿಯ ಯಂತ್ರದಿಂದ ನಮ್ಮ ಹೆಸರು ಹೊತ್ತು ಹೋಗುತ್ತದೆ. ಆ ಯಂತ್ರಕ್ಕೆ ಅಪ್ಪಣೆಯೂ ಇಲ್ಲ, ನಮ್ಮ ಎಳೆಯೂ ಇಲ್ಲ. ನಾನಿದ್ದಾಗ ಆ ತಂತ್ರಾಂಶ ಇರಲಿಲ್ಲ, ಹಾಗಾಗಿ ನನಗೂ ಗೊತ್ತಾಗಲಿಲ್ಲ. ಹೀಗೆ ಮಾಡಿ. ಮೂರನೆಯ ಸಾಲನ್ನು 'ಸುಮ್ಮನೆ ನೋಡು' ಎಂದು ಬದಲಿಸಿ. ದರಪಟ್ಟಿಯನ್ನು ತಂತ್ರಾಂಶದಿಂದ ಕಳಿಸದೆ, ಇಳಿಸಿಕೊಂಡು ನಮ್ಮ ಮಾಮೂಲಿ ಮೇಲಿಗೇ ಲಗತ್ತಿಸಿ. ಅದಕ್ಕೆ ಈಗ ಎಳೆ ಇದೆ. ಖರೀದಿಯವರಿಗೆ ಮೊದಲು ಒಂದು ಸಣ್ಣ ಮೇಲ್ ಹಾಕಿ ಉತ್ತರ ಬರೆಯಲು ಹೇಳಿ. ತಮ್ಮವರು ಉತ್ತರ ಕೊಟ್ಟ ವಿಳಾಸವನ್ನು ಆ ಯಂತ್ರ ಸ್ವಲ್ಪ ನಂಬುತ್ತದೆ.

ನಮ್ಮನೆಯವರ ವಿಷಯ. ಬರೆಯಬಾರದೆಂದಿದ್ದೆ. ಡಿಸೆಂಬರಿನಲ್ಲಿ ಅವರಿಗೆ ಎದೆಯ ಆಪರೇಷನ್ ಆಯಿತು. ಈಗ ಮಹಡಿ ಹತ್ತಬಾರದು, ಭಾರ ಎತ್ತಬಾರದು. ಆಘಾತದ ಸುದ್ದಿ ಬೇಡ ಎಂದು ಡಾಕ್ಟರ್ ಹೇಳಿದ್ದರು. ಭಾವನ ಸುದ್ದಿಯನ್ನು ನಾನು ಇವತ್ತಿನವರೆಗೂ ಹೇಳಿಲ್ಲ. ನಿಮ್ಮ ಕಾಗದಗಳನ್ನು ಅಕ್ಕಿ ಡಬ್ಬಿಯ ಹಿಂದೆ ಇಟ್ಟಿದ್ದೇನೆ. ಅವರು ದಿನಾ ಸಂಜೆ ಕುರ್ಚಿಯಲ್ಲಿ ಕೂತು, "ಅಣ್ಣ ಒಂದು ಫೋನ್ ಮಾಡ್ಬಹುದಿತ್ತು" ಎನ್ನುತ್ತಾರೆ. ನಾನು ಹೂಂ ಎನ್ನುತ್ತೇನೆ. ಮೊನ್ನೆ ಡಾಕ್ಟರನ್ನು ಕೇಳಿದೆ. ಇನ್ನು ಹೇಳಬಹುದು ಎಂದರು. ಬಾಯಿ ಬರುತ್ತಿಲ್ಲ. ಇಷ್ಟು ದಿನ ಮುಚ್ಚಿಟ್ಟವಳು ನಾನು, ನನ್ನ ಮಾತನ್ನು ಅವರು ನಂಬುತ್ತಾರೋ ಇಲ್ಲವೋ.

ಮತ್ತೊಂದು. ಇಲ್ಲಿಗೆ ಬಂದ ಮೇಲೂ ಆ ವರದಿ ದಿನಾ ಬೆಳಿಗ್ಗೆ ಬರುತ್ತಿತ್ತು. ನಿಮ್ಮ ಮನೆಯ ಸುದ್ದಿ ತಿಳಿಯಲೆಂದು ಇಟ್ಟುಕೊಂಡದ್ದಲ್ಲ, ತೆಗೆಯಲು ಮರೆತಿದ್ದೆ. ನೆನಪಾದ ಮೇಲೂ ತೆಗೆಯಲಿಲ್ಲ. ನಿನ್ನೆ ಕಾರ್ಖಾನೆಯಿಂದ ಇಷ್ಟು ಮೇಲ್ ಹೋಗಿದೆ ಎಂದಿದ್ದರೆ, ಅಲ್ಲಿ ಬಾಗಿಲು ತೆರೆದಿದೆ, ಎಲ್ಲರೂ ಇದ್ದಾರೆ ಎಂದುಕೊಂಡು ಒಲೆ ಹಚ್ಚುತ್ತಿದ್ದೆ. ಜುಲೈಯಲ್ಲಿ ಒಂದು ಬೆಳಿಗ್ಗೆ ಬರಲಿಲ್ಲ. ಮಾರನೆಯ ದಿನವೂ ಬರಲಿಲ್ಲ. ನಮ್ಮನ್ನು ಕಿತ್ತು ಹಾಕಿದ್ದೀರಿ ಎಂದು ತಿಳಿಯಿತು. ಅದಕ್ಕೇ ನಾನೂ ಫೋನ್ ಮಾಡಲಿಲ್ಲ ಅಕ್ಕ.

ತಂಗಿ


25 ಮೇ

ತಂಗಿ,

ನಿನ್ನ ಕಾಗದವನ್ನು ಯಜಮಾನರ ಯಂತ್ರದ ಮುಂದಿನ ಸ್ಟೂಲಿನ ಮೇಲೆ ಕೂತು ಓದಿದೆ. ಓದಿ ಮುಗಿಸಿದ ಮೇಲೂ ಅಲ್ಲೇ ಕೂತಿದ್ದೆ. ಊಟದ ಗಂಟೆ ಹೊಡೆಯಿತು. ಕೆಲಸದವಳು ಬಂದು, "ಏನಮ್ಮಾ, ಮೈ ಸರಿ ಇಲ್ವಾ?" ಎಂದಳು. ಸರಿ ಇದೆ ಎಂದೆ. ಸರಿಯೇ ಇತ್ತು. ಏನೂ ಆಗುತ್ತಿರಲಿಲ್ಲ. ಯಜಮಾನರು ಹೋದಾಗಿನಿಂದ ಹೀಗೆಯೇ. ಬೆರಳಿಗೆ ತಂತಿ ಚುಚ್ಚಿದರೆ ರಕ್ತ ನೋಡಿದ ಮೇಲೆ ಗೊತ್ತಾಗುತ್ತದೆ.

ಅವನ ಎದೆ ಕೊಯ್ದಿದ್ದಾರೆ ಎಂಬುದನ್ನು ನೀನು ಮೊದಲೇ ಬರೆಯಬೇಕಿತ್ತು. ಸೆರಗಿನ ಹಿಂದೆ ಎಂದು ನಾನು ಬರೆದ ಕಾಗದವನ್ನು ಅವನಿಗೆ ತೋರಿಸಬೇಡ. ಅವನಿಗೆ ಕಡಿಮೆ ಉಪ್ಪು ಹಾಕು. ಬೈದರೆ ಬೈಯಲಿ.

ಮೂರನೆಯ ಸಾಲನ್ನು ಸಡಿಲ ಮಾಡಿಸಿದೆ. ನಾನು ಒಂದು ಮಾತನ್ನು ಸಡಿಲ ಮಾಡಿದ್ದು ಇದೇ ಮೊದಲು, ಆಯ್ತಮ್ಮ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡ. ವರದಿಯ ಜಾಗದಲ್ಲಿ ಅವನ ವಿಳಾಸ ತೆಗೆಸಿ ನಿನ್ನದು ಹಾಕಿಸಿದೆ. ಕೆಲಸ ಬಲ್ಲವರ ಹತ್ತಿರ ಕೆಲಸ ಇರಬೇಕು. ಬೇರೆ ಅರ್ಥ ಕಲ್ಪಿಸಬೇಡ. ಅಟ್ಟದಲ್ಲಿ ಗೆದ್ದಲು ಕಂಡಿತು, ಅದಕ್ಕೆ ನಿನ್ನ ಕುರ್ಚಿಯನ್ನು ಕೆಳಗಿಳಿಸಿದ್ದೇನೆ.

ಖರೀದಿಯವಳಿಗೆ ನೀನು ಹೇಳಿದಂತೆ ಸಣ್ಣ ಮೇಲ್ ಹಾಕಿಸಿದೆ. ಕಸದಲ್ಲಿ ಹುಡುಕಿ ತೆಗೆದು ಉತ್ತರ ಬರೆದಿದ್ದಾಳೆ. ದರಪಟ್ಟಿ ಇಪ್ಪತ್ತೊಂಬತ್ತಕ್ಕೆ ಹೋಗುತ್ತದೆ. ಅದು ದಾಟಿತೋ ಇಲ್ಲವೋ ನನಗಿಂತ ಮೊದಲು ನಿನಗೆ ತಿಳಿಯುತ್ತದೆ.

ಅವನಿಗೆ ನೀನು ಹೇಳಬೇಡ. ಅಣ್ಣನ ಸುದ್ದಿ ತಮ್ಮನಿಗೆ ಈ ಮನೆಯಿಂದ ಹೋಗಬೇಕು. ನಾನು ಹೋಗಬೇಕಿತ್ತು, ಮಂಡಿ ಬಿಡುತ್ತಿಲ್ಲ. ಫೋನಿನಲ್ಲಿ ನನಗೆ ಆಗದು. ಅದೇ ಮೇಲನ್ನು ದರಪಟ್ಟಿಯ ಬೆನ್ನಿಗೇ ಮತ್ತೆ ಕಳಿಸುತ್ತೇನೆ. ಈ ಸಲ ಎಳೆ ಇರುತ್ತದೆ. ನೀನು ಪಕ್ಕದಲ್ಲಿರು.

ಅಕ್ಕ


1 ಜೂನ್

ಅಕ್ಕ,

ಮೂವತ್ತರ ಬೆಳಿಗ್ಗೆ ವರದಿ ಬಂತು. ಒಲೆ ಹಚ್ಚದೆ ಮೊದಲು ಅದನ್ನೇ ತೆರೆದೆ. ಡೈರಿಯ ಯಂತ್ರ ಬರೆದಿತ್ತು. ನಿಮ್ಮ ಹೆಸರಿನಲ್ಲಿ ಒಂದು ಬಂತು, ಅಪ್ಪಣೆ ಸರಿ, ಮುದ್ರೆ ಸರಿ, ತೆಗೆದುಕೊಂಡಿದ್ದೇವೆ. ಇನ್‌ಬಾಕ್ಸಿಗೇ ಬಿತ್ತೋ ಎಂಬುದು ವರದಿಯಲ್ಲಿ ಇರುವುದಿಲ್ಲ. ಅದನ್ನು ಖರೀದಿಯವರೇ ಹೇಳಬೇಕು. ಈ ಹೊತ್ತಿಗೆ ಹೇಳಿರಬೇಕು. ಅದೇ ವರದಿಯಲ್ಲಿ ಗುಳಿಗೆಯವನದೂ ಇತ್ತು. ತಾಳೆಯಾಗಿಲ್ಲ ಎಂದು ಬರೆದಿದ್ದಾರೆ. ಈಗ ನಾವು ಬೇರೆ, ಅವನು ಬೇರೆ ಎಂದು ಅವರಿಗೆ ಕಾಣುತ್ತಿದೆ. ಲೆಕ್ಕದ ತಂತ್ರಾಂಶಕ್ಕೂ ಎಳೆ ಹಾಕಿಸಿ, ಆಮೇಲೆ ನಿಮ್ಮಿಷ್ಟದ ಹಾಗೆ ಬಿಗಿ ಮಾಡೋಣ.

ನಿಮ್ಮ ಇನ್ನೊಂದು ಮೇಲ್ ನಮ್ಮನೆಯವರ ಇನ್‌ಬಾಕ್ಸಿನಲ್ಲಿ ಎಲ್ಲಕ್ಕಿಂತ ಮೇಲಿತ್ತು. ಎದೆಯ ಮಾತ್ರೆ ನುಂಗಿ, ಕನ್ನಡಕ ಹಾಕಿಕೊಂಡು, ಅವರೇ ಫೋನಿನಲ್ಲಿ ತೆರೆದರು. ನಾನು ಪಕ್ಕದಲ್ಲಿದ್ದೆ. ಓದಿದರು. ಮತ್ತೆ ಮೊದಲ ಸಾಲಿಗೆ ಹೋಗಿ ಸೆಪ್ಟೆಂಬರಿನ ತಾರೀಖು ಓದಿದರು.

"ಅತ್ತಿಗೆ ಕಳ್ಸಿದ್ದಾ ಇದು?" ಎಂದರು.

"ಹೌದು."

"ಅವತ್ತು ಕಾರ್ಖಾನೆ ಹೆಸರಲ್ಲಿ ನಂಗೂ ಎಂಥದ್ದೋ ಬಂದಿತ್ತು, ಹೊಟ್ಟೆ ಕರಗಿಸೋದು. ಅದರ ಥರ ಇದೂ ಯಾರೋ ಮಾಡಿದ್ದಿರ್ಬೇಕು. ಸರಿಯಾಗಿ ನೋಡೇ."

ನಾನು ಆ ಮೇಲ್‌ನ ಒಳಗಿನ ವಿವರ ತೆರೆದು ತೋರಿಸಿದೆ. ಮೂರು ಕಡೆಯೂ ಸರಿ ಎಂದಿತ್ತು. ಮುದ್ರೆಯ ಪಕ್ಕದಲ್ಲಿ 'ಕೆಂಪು' ಎಂದಿತ್ತು. ಅವರು ಬೆರಳಿಟ್ಟು ಒಂದೊಂದನ್ನೂ ಓದಿದರು, ಕಾರ್ಖಾನೆಯಲ್ಲಿ ಮಾಲು ಎಣಿಸುತ್ತಿದ್ದ ಹಾಗೆ.

"ಹಾಗಾದ್ರೆ ನಮ್ಮನೇದೇ" ಎಂದರು.

ಅತ್ತಿಲ್ಲ. ನಾನೂ ಅಳಲಿಲ್ಲ. ಮಧ್ಯಾಹ್ನದವರೆಗೆ ಕುರ್ಚಿಯಲ್ಲೇ ಇದ್ದರು. ಊಟ ಮಾಡಿದರು. ಉಪ್ಪಿಲ್ಲ ಎನ್ನಲಿಲ್ಲ. ಆಮೇಲೆ ಕಂಪ್ಯೂಟರ್ ಕೇಳಿದರು. ಮೊನ್ನೆಯಿಂದ ನಿಮಗೆ ಉತ್ತರ ಬರೆಯುತ್ತಿದ್ದಾರೆ. ಒಂದು ಸಾಲು ಬರೆಯುತ್ತಾರೆ, ಅಳಿಸುತ್ತಾರೆ. ನಾನು ಇಣುಕಿ ನೋಡುತ್ತಿಲ್ಲ.

ಈ ಕಾಗದ ನಿಮ್ಮ ಕೈ ಸೇರುವುದರೊಳಗೆ ಕಳಿಸಿರಬಹುದು. ಈ ವಿಳಾಸದಿಂದ ಅವರು ಅಲ್ಲಿಗೆ ಎಂದೂ ಬರೆದಿಲ್ಲ, ನಿಮ್ಮ ಯಂತ್ರಕ್ಕೆ ಗುರುತಿಲ್ಲ. ಇನ್‌ಬಾಕ್ಸಿನಲ್ಲಿ ಕಾಣದಿದ್ದರೆ ಬರೆದಿಲ್ಲ ಎಂದುಕೊಳ್ಳಬೇಡಿ. ಆಯ್ತಮ್ಮನವರಿಗೆ ಹೇಳಿ, ಸ್ಪ್ಯಾಮಿನಲ್ಲೂ ಒಮ್ಮೆ ನೋಡಿಸಿ.

ನಿಮ್ಮ
ತಂಗಿ